ಗುರುವಿನ ಪಕ್ಕದ ಚುಕ್ಕಿ

ನಮ್ಮ ಮನೆಯ ಅಂಗಳದಲ್ಲಿ ಶನಿ ಬೋರಲು ಮಲಗಿರುತ್ತಿದ್ದ. ಅವನ ಬೆನ್ನಿನ ಮೇಲೆ ಅಮ್ಮ ಮೆಣಸಿನಕಾಯಿ ಒಣಹಾಕುತ್ತಿದ್ದಳು. ರಾಹುವಿಗೂ ಕೇತುವಿಗೂ ನಡುವಿನ ಸಂದಿಯಲ್ಲಿ ಪಕ್ಕದ ಮನೆಯ ಕೋಳಿ ಬಂದು ಮೊಟ್ಟೆಯಿಟ್ಟು ಹೋಗುತ್ತಿತ್ತು. ನಾವು ಮೊಟ್ಟೆ ಮುಟ್ಟದ ಜನವಾದ್ದರಿಂದ ಆ ಮನೆಯವರನ್ನು ಕೂಗಿ ಕರೆಯುವುದು ನನ್ನ ಪಾಲಿನ ಕೆಲಸ. ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತುವವರ ಮನೆಗಳೆಲ್ಲ ಹೆಚ್ಚುಕಡಿಮೆ ಹೀಗೇ ಇದ್ದವು. ಗುಡಿಗೆ ಹೋಗಿ ಕಣ್ಣು ತೆರೆಸುವ ಶಾಸ್ತ್ರ ಆಗುವ ತನಕ ದೇವರೂ ಒಂದು ಕಲ್ಲು. ದಾಟಬಹುದು, ಒರಗಬಹುದು, ಕೋಪ ಬಂದರೆ ಬೈಯಲೂಬಹುದು. ಶಾಸ್ತ್ರ ಆದ ಮೇಲೆ ಅದೇ ದೇವರಿಗೆ ನಾವು ಗುಡಿಯ ಬಾಗಿಲಾಚೆ ನಿಂತು ಕೈಮುಗಿಯಬೇಕು. ಇದರಲ್ಲಿ ಅವಮಾನವೇನೂ ನಮಗೆ ಕಾಣುತ್ತಿರಲಿಲ್ಲ. ಮಗಳನ್ನು ಮದುವೆ ಮಾಡಿ ಕೊಟ್ಟ ಹಾಗೆ ಎಂದು ತಾತ ನಗುತ್ತಿದ್ದರು.

ಮನೆಯೆಂದರೆ ದೊಡ್ಡದೇನಲ್ಲ. ಮಣ್ಣಿನ ಗೋಡೆ, ನಾಡಹೆಂಚು, ಹೊಗೆಗೆ ಕಪ್ಪಾದ ಅಡಿಗೆಮನೆ, ಅದರ ಪಕ್ಕದಲ್ಲಿ ರಾಗಿ ತುಂಬಿಡುವ ಕತ್ತಲೆ ಕೋಣೆ. ಮುಂದೆ ಅಂಗಳ, ಅಂಗಳದಾಚೆಗೆ ತೆಂಗಿನ ಗರಿಯ ಚಪ್ಪರ. ತಾತ ಮತ್ತು ಅಪ್ಪ ಬೆಳಗಿನಿಂದ ಸಂಜೆಯವರೆಗೆ ಆ ಚಪ್ಪರದಲ್ಲಿ ಉಳಿ ಸುತ್ತಿಗೆ ಹಿಡಿದು ಕೂತಿರುತ್ತಿದ್ದರು. ಕಲ್ಲಿನ ಪುಡಿ ಮನೆಯಲ್ಲಿ ಯಾವುದನ್ನೂ ಬಿಡುತ್ತಿರಲಿಲ್ಲ. ಹಾಸಿಗೆಯಲ್ಲಿ, ಹಾಲಿನಲ್ಲಿ, ಅಮ್ಮನ ಹುಬ್ಬಿನಲ್ಲಿ ಎಲ್ಲ ಕಡೆ ಅದೇ. ಗಂಡಸರು ಊಟಕ್ಕೆ ಮುಂಚೆ ಬಾವಿಯ ಹತ್ತಿರ ತಲೆ ಕೊಡವಿಕೊಂಡೇ ಒಳಗೆ ಬರಬೇಕೆಂದು ಅಮ್ಮನ ಕಟ್ಟಪ್ಪಣೆ. ಆದರೂ ಮುದ್ದೆ ಮುರಿದು ಅವರೆಕಾಳಿನ ಹುಳಿಗೆ ಅದ್ದಿ ನುಂಗುವಾಗ ಹಲ್ಲಿನ ಸಂದಿಯಲ್ಲಿ ಕರ್ ಎನ್ನುತ್ತಿತ್ತು. ಯಾರಾದರೂ ಮುಖ ಸಿಂಡರಿಸಿದರೆ ಅಮ್ಮ ಬಡಿಸುತ್ತಲೇ ಹೇಳುತ್ತಿದ್ದಳು:

"ನಿಮ್ಮ ದೇವ್ರ ಮೂಗಿಂದು ಅದು. ನೀವೇ ಒಡೆದಿದ್ದು, ನೀವೇ ತಿನ್ನಿ."

ಆ ಮನೆಯಲ್ಲಿ ನನಗೊಂದು ಸ್ಥಾನವಿತ್ತು. ಅದನ್ನು ಈಗ ಹೇಳುವಾಗಲೂ ಸ್ವಲ್ಪ ಜಂಬ ಬರುತ್ತದೆ. ವಿಗ್ರಹದ ಮುಖ ಮುಗಿಯುತ್ತಾ ಬಂದಾಗ ಅಪ್ಪ ನನ್ನನ್ನು ಕೂಗುತ್ತಿದ್ದರು. ನಾನು ಆಟ ಬಿಟ್ಟು ಓಡಿಹೋಗಿ ಕಲ್ಲಿನ ಎದುರು ಕುಕ್ಕರುಗಾಲಲ್ಲಿ ಕೂರಬೇಕು. ದೇವರ ಎರಡು ಕಣ್ಣೂ ಸಮವಾಗಿವೆಯೋ, ಮೂಗಿನ ನೇರ ತಪ್ಪಿದೆಯೋ ನೋಡಿ ಹೇಳಬೇಕು.

"ರಾಜೀ, ನೋಡು. ಯಾವ್ ಕಣ್ಣು ದೊಡ್ಡದು?"

"ಎಡಗಣ್ಣಿನ ಮೂಲೆ ಎಳ್ಳಷ್ಟು ಇಳಿದಿದೆ ಅಪ್ಪ."

ಅಪ್ಪ ಎದುರು ಮಾತಾಡದೆ ಅಲ್ಲಿ ಉಳಿಯಿಟ್ಟು ಒಂದು ಸಣ್ಣ ಏಟು ಹಾಕುತ್ತಿದ್ದರು. ಊರಿನ ಬೇರೆ ಮನೆಗಳಲ್ಲಿ ಈ ಕೆಲಸಕ್ಕೆ ನೂಲು ಹಿಡಿಯುತ್ತಿದ್ದರು, ನಮ್ಮಲ್ಲಿ ನನ್ನನ್ನು ಕೂರಿಸುತ್ತಿದ್ದರು. ಆವತ್ತಿನ ಊಟದಲ್ಲಿ ನನ್ನ ಮುದ್ದೆಗೆ ತುಪ್ಪ ಬೀಳುತ್ತಿತ್ತು. ಹೆಣ್ಣು ಮಗು ಚಪ್ಪರದೊಳಗೆ ಕಾಲಿಡುವುದೇ ಹೆಚ್ಚು ಎನ್ನುವ ಕಾಲದಲ್ಲಿ ನನ್ನ ಮಾತಿಗೆ ದೇವರ ಕಣ್ಣು ಬದಲಾಗುತ್ತಿತ್ತು. ನನ್ನಲ್ಲಿ ಏನೋ ಇದೆ ಎಂದು ನಾನು ಮೊದಲು ತಿಳಿದುಕೊಂಡಿದ್ದು ಆ ಕುಕ್ಕರುಗಾಲಿನಲ್ಲಿ.

ಗ್ರಹಗಳನ್ನು ಆಕಾಶದಲ್ಲಿ ತೋರಿಸಿಕೊಟ್ಟವರು ತಾತ. ನವಗ್ರಹಗಳನ್ನು ಕೆತ್ತುವವನು ಅವುಗಳ ಮುಖಪರಿಚಯ ಮಾಡಿಕೊಂಡಿರಬೇಕು ಎಂದು ಅವರ ಹಟ. ರಾಗಿ ಕೊಯ್ಲಿನ ದಿನಗಳು. ಸಂಜೆ ದೀಪ ಹಚ್ಚುವ ಮುಂಚೆ ನಮ್ಮ ಮನೆಯ ಸೂರಿನ ಮೇಲುಗಡೆ, ಮೂಡಲಲ್ಲಿ, ಗುರು ಬರುತ್ತಿದ್ದ. ಕತ್ತಲಾಗುವ ಮುಂಚೆಯೇ ಹೊಳೆಯುವ ದೊಡ್ಡ ಚುಕ್ಕಿ. ನಾನು ಚಪ್ಪರದ ಕಂಬಕ್ಕೆ ತಲೆಯಾನಿಸಿ ಕೂತು ನೋಡುತ್ತಿದ್ದೆ. ಒಂದು ದಿನ ತಲೆಯನ್ನು ಸ್ವಲ್ಪ ತಗ್ಗಿಸಿದಾಗ ಸೂರಿನ ಅಂಚು ಗುರುವನ್ನು ಮರೆಮಾಡಿತು. ನಾನು ತಲೆಯನ್ನು ಮತ್ತೆ ಕೂದಲೆಳೆಯಷ್ಟು ಮೇಲೆತ್ತಿದೆ, ಇಳಿಸಿದೆ. ಹಾಗೆ ಆಡುತ್ತಿದ್ದಾಗ ಗುರುವಿನ ಮೇಲುಗಡೆ, ಅವನಿಗೆ ಅಂಟಿಕೊಂಡಂತೆ, ಇನ್ನೊಂದು ಚುಕ್ಕಿ ಕಂಡಿತು. ರಾಗಿ ಕಾಳಿಗಿಂತ ಸಣ್ಣದು. ಗುರು ಹೆಂಚಿನ ಹಿಂದೆ ಅಡಗಿದಾಗ ಅದು ಕಾಣುತ್ತಿತ್ತು, ಅವನು ಹೊರಗೆ ಬಂದರೆ ಅವನ ಬೆಳಕಿನಲ್ಲಿ ಮುಳುಗಿಹೋಗುತ್ತಿತ್ತು.

"ತಾತ, ಗುರು ಪಕ್ಕದಲ್ಲಿ ಮರಿ ಇದೆ."

"ಮರಿನಾ? ಎಲ್ಲಿ ತಲ್ಲೀ?"

ನಮ್ಮ ತಾತನಿಗೆ ಪ್ರೀತಿ ಬಂದರೆ ತೆಲುಗು ಬರುತ್ತಿತ್ತು. ಅವರೂ ಕಂಬಕ್ಕೆ ತಲೆಯಾನಿಸಿ ನೋಡಿದರು. ವಯಸ್ಸಾದ ಕಣ್ಣಿಗೆ ಗುರುವೇ ಮಸುಕಾಗಿ ಕಾಣುತ್ತಿದ್ದ. ಆದರೆ ತಾತ ನನ್ನನ್ನು ಅನುಮಾನಿಸಲಿಲ್ಲ. ದಿನಾ ಸಂಜೆ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಕೆಲವು ಸಂಜೆ ಮರಿ ಮೇಲಿರುತ್ತಿತ್ತು, ಕೆಲವು ಸಂಜೆ ಇರುತ್ತಲೇ ಇರಲಿಲ್ಲ. ಕೆಳಗಡೆಗೆ ಬಂದಿರುತ್ತದೆ ಎಂದು ಅನುಮಾನವಾದ ದಿನ ತಾತ ನನ್ನನ್ನು ಅಂಗಳದ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ, ಎರಡು ಗೂಟಕ್ಕೆ ಅಡ್ಡ ಬಿದಿರು ಕಟ್ಟಿ, ಅದರ ಕೆಳಗಿನಿಂದ ನೋಡಿಸಿದರು. ಗುರು ಬಿದಿರಿನ ಹಿಂದೆ ಹೋದ, ಕೆಳಗೆ ಮರಿ ಹೊಳೆಯಿತು. ತಾತ ತೊಡೆ ತಟ್ಟಿಕೊಂಡು ನಕ್ಕರು. ನನ್ನ ಬಾಲ್ಯದಲ್ಲಿ ಪೂರ್ತಿ ಸುಖದ ದಿನಗಳು ಯಾವುವೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಅವನ್ನೇ.

ಆಗ ಮುಳಬಾಗಿಲು ಕಡೆಯ ಒಂದು ಊರಿನವರು ತಮ್ಮ ಗುಡಿಗೆ ನವಗ್ರಹ ಮಾಡಿಸುತ್ತಿದ್ದರು. ಒಂದೇ ಬಂಡೆಯಿಂದ ಒಂಬತ್ತೂ ಆಗಬೇಕೆಂದು ಅವರ ಮಾತು. ಅಪ್ಪ ಎಂಟನ್ನು ಕೆತ್ತಿದರು, ಗುರುವನ್ನು ಮಾತ್ರ ತಾತ ತಾವೇ ತೆಗೆದುಕೊಂಡರು. ಕಣ್ಣು ಕೈಕೊಟ್ಟಿದ್ದರೂ ಅವರ ಬೆರಳಿಗೆ ಕಲ್ಲು ಗೊತ್ತಿತ್ತು. ಗುರುವಿನ ತಲೆಯ ಹಿಂದೆ ಪ್ರಭಾವಳಿ ಬಿಡಿಸುವಾಗ, ಯಾರಿಗೂ ಹೇಳದೆ, ಕಿರೀಟದ ತುದಿಯ ಮೇಲೊಂದು ಸಣ್ಣ ಗುಂಡು ಉಳಿಸಿದರು. ನನ್ನ ಬೆರಳು ಹಿಡಿದು ಅದರ ಮೇಲೆ ಇಟ್ಟರು.

"ಇದು ನೀನ್ ಕಂಡಿದ್ದು. ಅಪ್ಪಂಗೆ ಹೇಳ್ಬೇಡ, ಬೈತಾನೆ."

ಅಪ್ಪನಿಗೆ ಗೊತ್ತಾಗಲಿಲ್ಲ. ಗೊತ್ತಾಗದೆ ಇದ್ದದ್ದು ಹೇಗೆ ಎಂದು ಆಗ ನಾನು ಯೋಚಿಸಲಿಲ್ಲ.

ವಿಗ್ರಹ ಒಯ್ಯಲು ಆ ಊರಿನಿಂದ ಗಾಡಿ ಕಟ್ಟಿಕೊಂಡು ಬಂದವರ ಜೊತೆಯಲ್ಲಿ ಅವರ ಪುರೋಹಿತರಾದ ಜೋಯಿಸರೂ ಇದ್ದರು. ಅಮ್ಮ ಅಂಗಳ ಸಾರಿಸಿ ರಂಗೋಲಿ ಬಿಟ್ಟಿದ್ದಳು. ಒಂಬತ್ತು ಮಂದಿಯನ್ನೂ ತೊಳೆದು, ಎಣ್ಣೆ ಸವರಿ, ಸಾಲಾಗಿ ನಿಲ್ಲಿಸಲಾಗಿತ್ತು. ಜೋಯಿಸರು ಒಂದೊಂದನ್ನೂ ಸವರಿ ನೋಡುತ್ತಾ ಬಂದರು. ಕಲ್ಲಿನಲ್ಲಿ ಗೆರೆಯಿದ್ದರೆ, ಗುಳ್ಳೆಯಿದ್ದರೆ ಅದು ಪೂಜೆಗೆ ಬರುವುದಿಲ್ಲ. ಅಷ್ಟೇ ಅಲ್ಲ, ಅದೇ ಬಂಡೆಯ ಬೇರೆ ವಿಗ್ರಹಗಳ ಮೇಲೂ ಅನುಮಾನ. ಗುರುವಿನ ಹತ್ತಿರ ಬಂದ ಕೈ ನಿಂತಿತು.

"ಏನ್ ಆಚಾರ್ರೇ, ಇಲ್ಲೊಂದು ಗುಳ್ಳೆ ಎದ್ದಿದೆ?"

ಅಪ್ಪ ಹತ್ತಿರ ಬಂದು ಮುಟ್ಟಿ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ತಾತ ಎದ್ದು ನಿಂತು ಹೆಮ್ಮೆಯಿಂದಲೇ ಹೇಳಿದರು.

"ಗುಳ್ಳೆ ಅಲ್ಲ ಸ್ವಾಮಿ, ನಾನೇ ಬಿಟ್ಟಿರೋದು. ಗುರೂಗೆ ಜೊತೆಗೊಂದು ಮರಿಚುಕ್ಕಿ ಇದೆ. ನಮ್ಮ ಮೊಮ್ಮಗಳು ಕಂಡಿದಾಳೆ."

ಜೋಯಿಸರು ಕೆಟ್ಟವರಲ್ಲ. ನನ್ನನ್ನು ಹತ್ತಿರ ಕರೆದು, ಹೌದೇನಮ್ಮ ಎಂದು ಕೇಳಿದರು. ನಾನು ಹೌದೆಂದೆ. ಹೇಗೂ ಹೊತ್ತು ಇಳಿಯುತ್ತಿದೆ, ನೋಡಿಯೇ ಬಿಡೋಣ ಎಂದು ಜಗಲಿಯ ಮೇಲೆ ಕೂತರು. ಗುರು ಸೂರಿನ ಮೇಲೆ ಬಂದ. ನಾನು ಕಂಬಕ್ಕೆ ತಲೆಯಾನಿಸಿ ತೋರಿಸಿಕೊಟ್ಟೆ. ಆವತ್ತು ಮರಿ ಇತ್ತು, ಮೇಲುಗಡೆಗೆ, ಚೆನ್ನಾಗಿಯೇ ಇತ್ತು. ಜೋಯಿಸರು ನೋಡಿದರು. ಗಾಡಿಯವರು ನೋಡಿದರು. ಬೀದಿಯಲ್ಲಿ ಹೋಗುತ್ತಿದ್ದವರೂ ಬಂದು ಕಂಬಕ್ಕೆ ತಲೆ ಕೊಟ್ಟರು. ಒಬ್ಬರಿಗೂ ಕಾಣಲಿಲ್ಲ. ನಾನು ಒಬ್ಬೊಬ್ಬರ ತಲೆಯನ್ನೂ ಹಿಡಿದು, ಇನ್ನೂ ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ, ಎನ್ನುತ್ತಿದ್ದೆ. ಜನ ನಗತೊಡಗಿದರು. ಕೊನೆಗೆ ಅಪ್ಪ ಹೋಗಿ ನಿಂತರು. ಬಹಳ ಹೊತ್ತು ನಿಂತರು. ಅಪ್ಪನಿಗೆ ಕಂಡೇ ಕಾಣುತ್ತದೆ ಎಂದು ನಾನು ನಂಬಿದ್ದೆ. ಅವರು ಈಚೆಗೆ ಬಂದು ತಲೆಯಾಡಿಸಿಬಿಟ್ಟರು.

"ಶಾಸ್ತ್ರದಲ್ಲೂ ಇಲ್ಲ, ಆಕಾಶದಲ್ಲೂ ಇಲ್ಲ," ಎಂದರು ಜೋಯಿಸರು. "ಕಲ್ಲಲ್ಲಿ ಎದ್ದ ಗುಳ್ಳೆ ಮುಚ್ಚೋಕೆ ಕತೆ ಹೇಳ್ತಾ ಇದ್ದೀರಿ. ಬಂಡೆನೇ ಸರಿಯಿಲ್ಲ ಅಂದ್ಮೇಲೆ ಒಂಬತ್ತೂ ನಮಗೆ ಬೇಡ."

ಅಷ್ಟು ತಿಂಗಳ ಕೆಲಸ ಅದು. ಅದಕ್ಕಿಂತ ಹೆಚ್ಚಾಗಿ, ಒಡಕಲು ಕಲ್ಲು ಮಾರುವವರು ಎಂಬ ಹೆಸರು ಒಮ್ಮೆ ಬಂದರೆ ಆ ಮನೆಯ ಬಾಗಿಲಿಗೆ ಮತ್ತೆ ಗಾಡಿ ಬರುವುದಿಲ್ಲ. ಅಪ್ಪ ಕೈಮುಗಿದರು.

"ಕಲ್ಲಲ್ಲಿ ದೋಷ ಇಲ್ಲ ಸ್ವಾಮಿ. ದೋಷ ಇರೋದು ನನ್ನ ಮಗಳ ಕಣ್ಣಲ್ಲಿ. ಒಂದು ಎರಡಾಗಿ ಕಾಣುತ್ತೆ ಅವಳಿಗೆ. ನಮ್ಮಪ್ಪ ವಯಸ್ಸಾದೋರು, ನಂಬಿಬಿಟ್ರು. ಅದೇ ಬಂಡೇಲಿ ಗುರುನ ಬೇರೆ ಮಾಡಿಕೊಡ್ತೀನಿ."

ಜೋಯಿಸರು ನನ್ನ ಗಲ್ಲ ಹಿಡಿದು ಮುಖವನ್ನು ದೀಪದ ಕಡೆಗೆ ತಿರುಗಿಸಿ, ಅಯ್ಯೋ ಪಾಪ, ಹೆಣ್ಣು ಮಗು ಬೇರೆ, ಎಂದರು. ಸುತ್ತ ನಿಂತವರೆಲ್ಲ ನನ್ನ ಕಣ್ಣನ್ನು ನೋಡಿದರು. ಹಾಗೆ ನೋಡಿಸಿಕೊಂಡು ನಿಂತಿದ್ದೆನಲ್ಲ, ಆ ನಾಚಿಕೆ ಇಂದಿಗೂ ಮೈಯಿಂದ ಹೋಗಿಲ್ಲ. ಯಾರಾದರೂ ನೇರವಾಗಿ ನನ್ನ ಕಣ್ಣು ನೋಡಿ ಮಾತಾಡಿದರೆ ಇವತ್ತಿಗೂ ನಾನು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸುತ್ತೇನೆ. ಎಂಟು ವಿಗ್ರಹ ಗಾಡಿ ಏರಿದವು. ತಾತನ ಗುರು ಅಂಗಳದಲ್ಲೇ ಉಳಿದ.

ಆ ರಾತ್ರಿಯ ಊಟದಲ್ಲಿ ಜಗಳವಾಗುತ್ತದೆಂದು ಹೆದರಿದ್ದೆ. ಆಗಲಿಲ್ಲ. ಅಪ್ಪ ಮುದ್ದೆಯನ್ನು ತಟ್ಟೆಯಲ್ಲಿ ತಿರುಗಿಸುತ್ತಾ, ತಲೆಯೆತ್ತದೆ, ಬಹಳ ಮರ್ಯಾದೆಯಿಂದ ಹೇಳಿದರು.

"ಅಪ್ಪಾ, ಇನ್ಮೇಲೆ ನೀವು ಪೀಠದ ಕೆಲಸ ನೋಡ್ಕೊಳ್ಳಿ. ಮುಖ ನಾನು ನೋಡ್ಕೋತೀನಿ."

ಪೀಠ ಕೆತ್ತುವುದು ನಮ್ಮಲ್ಲಿ ಕಲಿಯುವ ಹುಡುಗರ ಕೆಲಸ. ತಾತ, ಆಗಲಪ್ಪ, ಎಂದರು. ಅಮ್ಮ ಅವರಿಗೆ ಇನ್ನೊಂದು ಸೌಟು ಹುಳಿ ಬಡಿಸಲು ಬಂದಾಗ ತಟ್ಟೆಗೆ ಕೈ ಅಡ್ಡ ಹಿಡಿದರು. ನನ್ನಿಂದ ತಾತನಿಗೆ ಹೀಗಾಯಿತು ಎಂಬುದು ಆ ವಯಸ್ಸಿಗೂ ನನಗೆ ಅರ್ಥವಾಗಿತ್ತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅನ್ನಬಾರದಾಗಿತ್ತೇ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವರು ಹೆಚ್ಚು ಕಾಲ ಬದುಕಲಿಲ್ಲ. ಕೊನೆಯ ತನಕ ಪೀಠಗಳನ್ನೇ ಕೆತ್ತಿದರು, ಅವು ಅಂದವಾಗಿದ್ದವು. ಅಷ್ಟು ಅಂದದ ಪೀಠ ಯಾರಿಗೂ ಬೇಕಾಗಿರಲಿಲ್ಲ.

ನನ್ನ ಕಣ್ಣಿಗೆ ಮದ್ದು ಶುರುವಾಯಿತು. ದಿನಾ ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ, ಪಕ್ಕದ ಬೀದಿಯ ಬಾಣಂತಿಯ ಎದೆಹಾಲು, ಎಲ್ಲ ಬಿದ್ದವು. ಮನೆಗೆ ನೆಂಟರು ಬಂದರೆ ಅಮ್ಮ ಮೆಲ್ಲಗೆ, ಒಳಗೆ ಹೋಗಿ ಕೂತ್ಕೋ ಎನ್ನುತ್ತಿದ್ದಳು. ಊರಿನ ಮಕ್ಕಳು ನನಗೆ ಜೋಡಿಗಣ್ಣಿ ಎಂದು ಹೆಸರಿಟ್ಟರು. ಒಂದು ಹೋಳಿಗೆ ಕೊಟ್ಟರೆ ನಿನಗೆ ಎರಡು ಕಾಣುತ್ತದಲ್ಲ, ಪುಣ್ಯವಂತೆ ಕಣೇ, ಎಂದು ಅಣಕಿಸುತ್ತಿದ್ದರು. ಅದಕ್ಕೆಲ್ಲ ನಾನು ತಿರುಗಿ ಬೈಯಬಲ್ಲವಳಾಗಿದ್ದೆ. ಬೈಯಲಾಗದೆ ಉಳಿದದ್ದು ಒಂದೇ. ಅಪ್ಪ ಮತ್ತೆ ನನ್ನನ್ನು ಚಪ್ಪರಕ್ಕೆ ಕರೆಯಲಿಲ್ಲ. ಒಂದೊಂದು ವಿಗ್ರಹ ಮುಗಿಯುತ್ತಾ ಬಂದಾಗಲೂ ನಾನು ಬಾಗಿಲ ಹತ್ತಿರ ಸುಳಿದಾಡುತ್ತಿದ್ದೆ. ಅಪ್ಪ ಎರಡು ಹೆಬ್ಬೆರಳುಗಳಿಂದ ದೇವರ ಕಣ್ಣುಗಳನ್ನು ಸವರಿ ಸವರಿ ನೋಡಿಕೊಳ್ಳುತ್ತಿದ್ದರು. ನಾನು ಒಳಗೆ ಹೋಗುತ್ತಿದ್ದೆ. ಕ್ರಮೇಣ ಕಂಡದ್ದನ್ನು ಹೇಳುವ ಅಭ್ಯಾಸವೇ ತಪ್ಪಿತು. ಅಕ್ಕಿಯಲ್ಲಿ ಕಲ್ಲು ಕಂಡರೂ ಸುಮ್ಮನೆ ಅಗಿದು ನುಂಗುತ್ತಿದ್ದೆ. ಗುರುವನ್ನು ನೋಡುವುದನ್ನೂ ಬಿಟ್ಟೆ. ಮರಿ ಕಂಡರೆ ಕಣ್ಣು ಕೆಟ್ಟಿದೆ ಎಂದಾಗುತ್ತದೆ, ಕಾಣದಿದ್ದರೆ ತಾತನಿಗೆ ನಾನು ಸುಳ್ಳು ಹೇಳಿದೆ ಎಂದಾಗುತ್ತದೆ. ಎರಡೂ ನನಗೆ ಬೇಡವಾಗಿತ್ತು.

ಹೀಗೇ ಕೆಲವು ವರ್ಷ ಕಳೆದು, ಮಹಾಯುದ್ಧ ಮುಗಿದ ಮೇಲೆ ಗೋವಿಂದಮಾವ ಬಂದ. ಅಮ್ಮನ ತಮ್ಮ ಅವನು, ಬ್ರಿಟಿಷರ ಪಟಾಲಮ್ಮಿಗೆ ಸೇರಿ ದೂರ ದೇಶಕ್ಕೆ ಹೋಗಿದ್ದವನು. ಅವನ ಕಬ್ಬಿಣದ ಪೆಟ್ಟಿಗೆಯಲ್ಲಿ ಎರಡು ಕೊಳವೆಯ ಒಂದು ದುರ್ಬೀನು ಇತ್ತು. ಊರೆಲ್ಲ ಅದರಲ್ಲಿ ಊರನ್ನೇ ನೋಡಿ ಆಯಿತು. ಕೆರೆಯಾಚೆಯ ಹುಣಸೆಮರ, ಮರದ ಮೇಲಿನ ಕೋತಿ, ಕೋತಿಯ ಕೈಯಲ್ಲಿದ್ದ ಕಾಯಿ. ಒಂದು ಸಂಜೆ ಅಂಗಳದಲ್ಲಿ ಕಾಫಿ ಕುಡಿಯುತ್ತಾ ಮಾವ ಅದನ್ನು ಸುಮ್ಮನೆ ಮೇಲಕ್ಕೆತ್ತಿದ.

"ಅಕ್ಕಾ, ಆ ದೊಡ್ಡ ಚುಕ್ಕಿ ಇದೆಯಲ್ಲ, ಗುರು, ಅದರ ಸುತ್ತ ಸಣ್ಣಸಣ್ಣ ಚಂದ್ರ ಇರ್ತಾವೆ ಗೊತ್ತಾ? ನಮ್ಮ ಸಾಹೇಬ್ರೊಬ್ರು ಹಡಗಿನಲ್ಲಿ ತೋರ್ಸಿದ್ರು."

ಅಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಕೈಯಲ್ಲಿ ಹಿಡಿದರೆ ಅಲುಗುತ್ತದೆ ಎಂದು ಮಾವ ಗೋಡೆಗೆ ಏಣಿ ಒರಗಿಸಿ, ದುರ್ಬೀನನ್ನು ಅದರ ಮೆಟ್ಟಿಲಿಗೆ ಹಗ್ಗದಿಂದ ಬಿಗಿದ. ಮೊದಲು ನಾನು ನೋಡಿದೆ. ದುಂಡನೆಯ ಗುರು, ಅವನ ಎರಡು ಕಡೆಗೂ ಒಂದೇ ಸಾಲಿನಲ್ಲಿ ಸಣ್ಣ ಚುಕ್ಕಿಗಳು. ಮೇಲೆ ಎರಡು, ಕೆಳಗೆ ಒಂದು. ಸೂರಿನಂಚಿನಲ್ಲಿ ನಾನು ಕಂಡಿದ್ದ ಮರಿಯಂಥದೇ ಒಂದು ಎಲ್ಲಕ್ಕಿಂತ ದೂರದಲ್ಲಿತ್ತು. ಅಮ್ಮ ನೋಡಿದಳು. ಈಚೆಗೆ ಬಂದು ನನ್ನ ಕಣ್ಣುಗಳ ಮೇಲೆ ಅಂಗೈಯಿಟ್ಟು, ಎಷ್ಟು ಎಣ್ಣೆ ಬಿಟ್ಟೆನಲ್ಲೇ ಇದಕ್ಕೆ, ಎಂದು ಅತ್ತಳು. ಅಷ್ಟರಲ್ಲಿ ಬೀದಿಯವರು ಸೇರಿದರು. ಮಾವ ಎಲ್ಲರಿಗೂ ವಿವರಿಸುತ್ತಿದ್ದ: ಒಟ್ಟು ನಾಲ್ಕು, ಇವತ್ತು ಒಂದು ಹಿಂದೆಯೋ ಮುಂದೆಯೋ ಸೇರಿಕೊಂಡಿದೆ, ಮೂರೇ ಕಾಣುತ್ತವೆ. ಗುರುವಿಗೆ ನಾಲ್ಕು ಚಂದ್ರ, ನಾಲ್ಕು ಚಂದ್ರ, ಎಂದು ಮಕ್ಕಳು ಬೀದಿಯುದ್ದಕ್ಕೂ ಕೂಗುತ್ತಾ ಓಡಿದರು.

ಇಷ್ಟೆಲ್ಲ ಆಗುವಾಗ ಚಪ್ಪರದಲ್ಲಿ ಸುತ್ತಿಗೆಯ ಸದ್ದು ನಿಂತಿರಲಿಲ್ಲ. ಅಪ್ಪ ಬರುತ್ತಾರೆ ಎಂದು ಕಾದೆ. ಬರಲಿಲ್ಲ. ನಾನೇ ಹೋಗಿ ಚಪ್ಪರದ ಅಂಚಿನಲ್ಲಿ ನಿಂತೆ. ಅಷ್ಟು ವರ್ಷ ಅವರ ಬಾಯಿಂದ ಒಂದೇ ಒಂದು ಮಾತಿಗೆ ನಾನು ಕಾದಿದ್ದೆ. ಈಗ ಅದನ್ನು ಊರವರ ಎದುರಿಗೇ, ಅವತ್ತು ಹೇಳಿದ್ದ ಜಾಗದಲ್ಲೇ ಹೇಳಿಸಬೇಕು ಎಂಬ ಹಟ ಬಂದಿತ್ತು.

"ಅಪ್ಪ, ಬನ್ನಿ. ನೀವೂ ನೋಡಿ."

"ಕೆಲಸ ಇದೆ ಕಣಮ್ಮ."

"ಬರಲೇಬೇಕು."

ಹಾಗೆ ನಾನು ಅವರ ಹತ್ತಿರ ಎಂದೂ ಮಾತಾಡಿರಲಿಲ್ಲ. ಅಪ್ಪ ಸುತ್ತಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು ಬಂದರು. ಜನ ದಾರಿ ಬಿಟ್ಟರು. ಏಣಿಯ ಹತ್ತಿರ ಬಂದು, ಕೈಯಿಂದ ತಡವಿ, ದುರ್ಬೀನು ಎಲ್ಲಿದೆಯೆಂದು ಹುಡುಕಿಕೊಂಡರು. ಕಣ್ಣಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ಈಚೆಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಕಂಡ್ವು. ನಾಲ್ಕೂ ಸ್ಪಷ್ಟವಾಗಿ ಕಂಡ್ವು. ನನ್ನ ಮಗಳ ಕಣ್ಣು ಸರಿಯಾಗೇ ಇತ್ತು. ತಪ್ಪು ನಂದು."

ನಾನು ಬೇಡಿಕೊಂಡಿದ್ದ ಮಾತು ಅದು, ಒಂದಕ್ಷರ ಬಿಡದೆ ಸಿಕ್ಕಿತು. ಆದರೆ ನಾಲ್ಕು ಇರಲಿಲ್ಲ. ನಾಲ್ಕು ಎನ್ನುವುದನ್ನು ಅವರು ಮಕ್ಕಳ ಕೂಗಿನಿಂದ ಕೇಳಿದ್ದರು. ಕಲ್ಲಿನ ಚೂರು, ಕಲ್ಲಿನ ಪುಡಿ ಎಷ್ಟು ವರ್ಷದಿಂದ ಆ ಕಣ್ಣುಗಳನ್ನು ತಿನ್ನುತ್ತಿತ್ತೋ ನನಗೆ ಗೊತ್ತಿಲ್ಲ. ದುರ್ಬೀನಿನಲ್ಲೂ ಅವರಿಗೆ ಒಂದೂ ಕಂಡಿರಲಿಲ್ಲ. ಕಂಬದ ಹತ್ತಿರ ನಿಂತ ಆ ಸಂಜೆ ಗುರುವೇ ಸರಿಯಾಗಿ ಕಂಡಿರಲಾರ, ತಾತ ಉಳಿಸಿದ್ದ ಗುಂಡು ಅವರ ಕಣ್ಣಿಗೆ ಬೀಳದೆ ಹೋದದ್ದೂ ಅದಕ್ಕೇ. ಕಣ್ಣು ಹೋದ ಶಿಲ್ಪಿಗೆ ಯಾರು ಕೆಲಸ ಕೊಡುತ್ತಾರೆ? ದೋಷ ಒಬ್ಬರ ಕಣ್ಣಲ್ಲಿ ಇದ್ದದ್ದು ನಿಜ, ಅದು ಯಾರ ಕಣ್ಣು ಎಂದು ಊರಿಗೆ ಗೊತ್ತಾಗದೆ ಇರಲು ಅವರು ನನ್ನನ್ನು ಮುಂದಿಟ್ಟಿದ್ದರು. ಇದೆಲ್ಲ ಒಂದೇ ಉಸಿರಿನಲ್ಲಿ ನನಗೆ ಹೊಳೆಯಿತು. ಕೋಪ ಬರಬೇಕಾಗಿತ್ತು, ನಾಚಿಕೆ ಬಂತು. ಹಟ ಹಿಡಿದು ಅವರನ್ನು ಆ ಏಣಿಯ ಮುಂದೆ ತಂದು ನಿಲ್ಲಿಸಿದವಳು ನಾನು.

ಗೋವಿಂದಮಾವ ಹುಬ್ಬು ಗಂಟಿಕ್ಕಿದ.

"ನಾಲ್ಕೆಲ್ಲಿದಾವೆ ಭಾವ? ಇವತ್ತು ಮೂರೇ..."

"ನಾಲ್ಕೇ ಇದೆ ಮಾವ," ಎಂದೆ ನಾನು. "ನಂಗೂ ನಾಲ್ಕೇ ಕಂಡಿದ್ದು."

ಕಾಣದ್ದನ್ನು ಕಂಡೆ ಎಂದು ನಾನು ಹೇಳಿದ್ದು ಅದೇ ಮೊದಲು. ಈಗ ಊರಿನಲ್ಲಿ ನನ್ನ ಕಣ್ಣಿನ ಮಾತಿಗೆ ಬೆಲೆ ಬಂದಿತ್ತಲ್ಲ, ಎಲ್ಲರೂ ತಲೆದೂಗಿದರು. ಮಾವ ಮತ್ತೆ ದುರ್ಬೀನಿಗೆ ಕಣ್ಣಿಟ್ಟ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಕಣ್ಣು ಮುಚ್ಚಿ ನೋಡಿದ. ಈಚೆಗೆ ಬಂದು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ನಂಗೆ ಮೂರೇ ಕಾಣ್ತಿದೆ. ಯುದ್ಧದ ಹೊಗೆಯಲ್ಲಿ ನನ್ನ ಕಣ್ಣೇ ಕೆಟ್ಟೋಯ್ತೋ ಏನೋ."

ಪಾಪ, ಇರಬಹುದು, ಎಂದು ಯಾರೋ ಅಂದರು. ಅಪ್ಪ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.